ಗುರುವಾರದ ಸೂಟಿ

ಕಾರ್ಖಾನೆಗೆ ನೋಟುಬುಕ್ಕು ಹಿಡಿದುಕೊಂಡು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹದಿನಾರು ವರ್ಷದಿಂದ ಪುಣೆ ಹತ್ತಿರದ ತಳೇಗಾಂವದ ಈ ಕಾರ್ಖಾನೆಯಲ್ಲಿ ಹಾಜರಿ, ರಜೆ, ಶಿಫ್ಟು ನೋಡಿಕೊಳ್ಳುವವಳು ನಾನು. ಇಷ್ಟು ವರ್ಷಗಳಲ್ಲಿ ಬೆಂಕಿ ಆರಿಸುವುದನ್ನು ಕಲಿಸುವವರು ಬಂದರು, ನಗುತ್ತಾ ಕೆಲಸ ಮಾಡುವುದನ್ನು ಕಲಿಸುವವರು ಬಂದರು, ಒಬ್ಬ ಪುಣ್ಯಾತ್ಮ ಉಸಿರಾಡುವುದನ್ನೂ ಕಲಿಸಿ ಹೋದ. ಎಲ್ಲರೂ ಚಹಾ ಕುಡಿದು ಫೋಟೋ ತೆಗೆಸಿಕೊಂಡು ಹೋದವರೇ. ಹಾಗಾಗಿ ಈ ಫೆಬ್ರುವರಿಯಲ್ಲಿ ನಮ್ಮ ಸಾವಕಾರ ನಿಜಲಿಂಗಪ್ಪನವರು ನನ್ನನ್ನು ಕರೆದು, "ಶೈಲಶ್ರೀ, ಸೋಮವಾರದಿಂದ ಪಾದ್ರಿಗಳು ಬರ್ತಾರ. ಮೂರು ವಾರ ಇರ್ತಾರ. ಅವರಿಗೆ ಏನ್ ಬೇಕೋ ನೋಡ್ಕೋರಿ," ಎಂದಾಗ ನಾನು ಸುಮ್ಮನಿರಲಿಲ್ಲ.

"ಪಾದ್ರಿಗಳಿಗೂ ಮೋಟಾರಿನ ವಾಯರಿಗೂ ಏನ್ರಿ ಸಂಬಂಧ?" ಎಂದೆ.

"ಸಂಬಂಧ ಅದ. ಶಿವಾಜಿನಗರದಾಗ ಅವರದೊಂದು ಅಧ್ಯಯನ ಕೇಂದ್ರ ಅದ. ಧರ್ಮಶಾಸ್ತ್ರ ಅರದು ಕುಡದಂಥಾ ಮಂದಿ. ಶಾಸ್ತ್ರ ಬರೇ ಚರ್ಚಿನಾಗ ಕುಂತ್ರ ಏನ್ ಉಪಯೋಗ, ಧಂದೆಕ್ಕ, ಸಾಲಿಗೆ, ಸರಕಾರಕ್ಕ ಹಚ್ಚಿ ನೋಡಬೇಕು ಅಂತಾರ. ತಿಂಗಳಿಗೊಮ್ಮೆ ನಮ್ಮಂಥ ಕಾರ್ಖಾನಿಯವರನ್ನ ಕರದು ಕೂಡಸ್ತಾರ. ನಾ ನಾಕ ಸಲ ಹೋಗಿ ಬಂದೀನಿ."

ಸಾವಕಾರರು ಮುಧೋಳದ ಕಡೆಯವರು. ದಿನಾ ಹಣೆಗೆ ವಿಭೂತಿ ಹಚ್ಚದೆ ಆಫೀಸಿಗೆ ಕಾಲಿಡುವವರಲ್ಲ. ಆದರೆ ಓದಿದವರ ಜೊತೆ ಕೂರುವುದೆಂದರೆ ಅವರಿಗೆ ಎಲ್ಲಿಲ್ಲದ ಖುಷಿ. ಹತ್ತನೆಯ ಇಯತ್ತೆಗೇ ಸಾಲೆ ಬಿಟ್ಟ ಕೊರಗು ಇನ್ನೂ ಉಳಿದಿದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡು ಹೊರಬಂದೆ.

ಸೋಮವಾರ ಬಂದವರು ಇಬ್ಬರು. ಒಬ್ಬರು ಫಾದರ್ ಇನ್ನಾಸಪ್ಪ, ಎರಡು ಪುಸ್ತಕ ಬರೆದವರಂತೆ. ಅರವತ್ತರ ಹತ್ತಿರದ ವಯಸ್ಸು, ಅರ್ಧ ತೋಳಿನ ಅಂಗಿ, ಸವೆದ ಚಪ್ಪಲಿ. ಬಿಳಿ ನಿಲುವಂಗಿಯ ಪಾದ್ರಿಗಾಗಿ ಕಾಯುತ್ತಿದ್ದ ವಾಚಮನ್ ಅವರನ್ನು ಕೆಲಸ ಕೇಳಲು ಬಂದವರೆಂದು ತಿಳಿದು ಗೇಟಿನ ಹೊರಗೇ ನಿಲ್ಲಿಸಿದ್ದ. ಇನ್ನೊಬ್ಬಳು ರಕ್ಷಿತಾ ಲೋಬೊ, ಬೆಂಗಳೂರಿನಿಂದ ಬಂದು ಅದೇ ಕೇಂದ್ರದಲ್ಲಿ ಸಂಶೋಧನೆ ಮಾಡುವ ಹುಡುಗಿ. ನಾನು ಮರಾಠಿಯಲ್ಲಿ ಸ್ವಾಗತ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಫಾದರ್, "ಕನ್ನಡದಾಗ ಮಾತಾಡ್ರಿ ತಾಯಿ, ನಾ ಮುದಗಲ್ಲಿನಾಂವ," ಎಂದುಬಿಟ್ಟರು. ಅವರ ಮುತ್ತಜ್ಜನ ಮುತ್ತಜ್ಜನಿಂದಲೂ ಅವರು ಕ್ರೈಸ್ತರಂತೆ. ಮನೆಯಲ್ಲಿ ಜೋಳದ ರೊಟ್ಟಿಯಂತೆ, ಪ್ರಾರ್ಥನೆ ಕನ್ನಡದಲ್ಲಂತೆ. ನನ್ನ ಸಿಟ್ಟು ಅರ್ಧ ಅಲ್ಲೇ ಇಳಿಯಿತು. ಇನ್ನರ್ಧವನ್ನು ಜೋಪಾನವಾಗಿ ಇಟ್ಟುಕೊಂಡೆ.

ನಮ್ಮದು ಕಾರು, ಟ್ರಕ್ಕುಗಳ ಒಳಗೆ ಹೋಗುವ ತಂತಿಗಳನ್ನು ಬಣ್ಣದ ಪ್ರಕಾರ ಜೋಡಿಸಿ ಕಟ್ಟು ಕಟ್ಟುವ ಕೆಲಸ. ಅದಕ್ಕೆ ಸಣ್ಣ ಬೆರಳು, ದೊಡ್ಡ ಸಹನೆ ಬೇಕು. ಆದ್ದರಿಂದ ಲೈನಿನಲ್ಲಿರುವ ಅರವತ್ತೆರಡು ಮಂದಿಯೂ ಹೆಂಗಸರು, ಬಹುಪಾಲು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು. ಗಂಡಂದಿರು ಕಟ್ಟಡದ ಕೆಲಸಕ್ಕೆ ಬಂದರು, ಹೆಂಡಂದಿರು ಇಲ್ಲಿ ಸೇರಿದರು.

ಫಾದರ್ ಅವರದು ಒಂದು ವಿಚಿತ್ರ ಪದ್ಧತಿ. ಮೊದಲು ನೋಡಬೇಕು, ಆಮೇಲೆ ತೂಗಬೇಕು, ಕೊನೆಗೆ ಮಾಡಬೇಕು. ನೋಡಲು ಒಂದು ವಾರ, ತೂಗಲು ಒಂದು ವಾರ, ಮಾಡಲು ಒಂದು ವಾರ. "ಅಡಗಿ ಆಗಿದ್ರ ಅಷ್ಟೊತ್ತಿಗೆ ಹಳಸಿರ್ತಿತ್ರಿ," ಎಂದು ನಾನು ಅಂದೆ. ಅವರು ಜೋರಾಗಿ ನಕ್ಕರು. ಆದರೆ ಪದ್ಧತಿ ಬಿಡಲಿಲ್ಲ. ಮೊದಲ ವಾರವಿಡೀ ಹೆಂಗಸರ ನಡುವೆ ಸ್ಟೂಲು ಹಾಕಿಕೊಂಡು ಕೂತರು, ಅವರ ಡಬ್ಬಿಯ ಚಟ್ನಿಪುಡಿ, ಆ ಶೇಂಗಾ ಹಿಂಡಿ ಬೇಡಿ ತಿಂದರು. ಎಷ್ಟು ಹೊತ್ತಿಗೆ ಏಳುತ್ತೀರಿ, ನೀರು ಎಲ್ಲಿಂದ ತರುತ್ತೀರಿ, ಮಕ್ಕಳು ಎಲ್ಲಿರುತ್ತಾರೆ ಎಂದು ಕೇಳಿದರು. ರಕ್ಷಿತಾ ಎಲ್ಲವನ್ನೂ ಬರೆದುಕೊಂಡಳು.

ಅವಳೇ ಒಂದು ದಿನ ನನ್ನ ಮೇಜಿನ ಹತ್ತಿರ ಬಂದು, "ಮೇಡಂ, ನಿಮ್ಮಲ್ಲಿ ವೀಕ್ಲಿ ಆಫ್ ಯಾಕೆ ಗುರುವಾರ? ಸ್ಕೂಲಿಗೆಲ್ಲ ಸಂಡೇ ರಜ ಅಲ್ವಾ? ಹಾಗಾದ್ರೆ ಈ ತಾಯಂದಿರು ಮಕ್ಕಳ ಜೊತೆ ಇರೋದು ಯಾವಾಗ?" ಎಂದು ಕೇಳಿದಳು.

ಹಿಂದೆ ಕರೆಂಟು ಸಾಲದ ಕಾಲದಲ್ಲಿ ಪುಣೆಯ ಸುತ್ತಲಿನ ಕಾರ್ಖಾನೆಗಳಿಗೆ ಗುರುವಾರ ಸೂಟಿ ಎಂದು ಗೊತ್ತು ಮಾಡಿದ್ದರು. ಕರೆಂಟು ಬಂತು, ಗುರುವಾರ ಹಾಗೇ ಉಳಿಯಿತು. ತಾಯಿಗೆ ಗುರುವಾರ, ಮಗುವಿಗೆ ರವಿವಾರ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಸಂಸಾರ. ಹದಿನಾರು ವರ್ಷದಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಎರಡನೆಯ ವಾರ ಸಾವಿತ್ರಿಬಾಯಿ ಒಂದು ಪತ್ರ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಮೂರನೆಯ ಲೈನಿನ ಹೆಂಗಸು, ಊರು ಯಾದಗಿರಿ ಹತ್ತಿರ. ಗಂಡ ಹುಸೇನಪ್ಪ ವಿಮಾನ ನಗರದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾ ಕಟ್ಟಡದ ಶೆಡ್ಡಿನಲ್ಲೇ ಇರುತ್ತಾನೆ. ಅವನ ಕೆಲಸ ಊರು ಬದಲಿಸಿದಂತೆಲ್ಲಾ ಇವರ ಮಗಳು ಸೋನಾಲಿ ಮೂರು ವರ್ಷದಲ್ಲಿ ನಾಲ್ಕು ಸಾಲೆ ಬದಲಿಸಿದಳು. ಕೊನೆಗೆ ಹೋದ ಜೂನಿನಲ್ಲಿ ಶಿವಾಜಿನಗರದ ಒಂದು ವಸತಿಶಾಲೆಯಲ್ಲಿ, ಸಿಸ್ಟರ್‌ಗಳು ನಡೆಸುವಲ್ಲಿ, ಸೀಟು ಸಿಕ್ಕಿತು. ಅಂದು ಸಾವಿತ್ರಿ ಇಡೀ ಕಾರ್ಖಾನೆಗೆ ಪೇಢೆ ಹಂಚಿದ್ದಳು.

"ಮರಾಠಿದಾಗ ಬರದಾರ ಅಕ್ಕಾರ, ಓದಿ ಹೇಳ್ರಿ."

ಓದಿದೆ. ಓದುತ್ತಾ ಹೋದಂತೆ ಸ್ವರ ಸಣ್ಣದಾಯಿತು. ತಿಂಗಳ ಎರಡನೆಯ ಮತ್ತು ನಾಲ್ಕನೆಯ ರವಿವಾರ ಪಾಲಕರ ಭೇಟಿ. ಮೂರು ತಿಂಗಳಿಂದ ಈ ಮಗುವನ್ನು ನೋಡಲು ಯಾರೂ ಬಂದಿಲ್ಲ. ಮಗುವಿನ ಮೊದಲ ಶಾಲೆ ಕುಟುಂಬ. ಆ ನಂಟು ಕಡಿದುಹೋದರೆ ವಸತಿಶಾಲೆ ಅನಾಥಾಲಯವಾಗುತ್ತದೆ. ಈ ತಿಂಗಳ ನಾಲ್ಕನೆಯ ರವಿವಾರವೂ ಯಾರೂ ಬರದಿದ್ದರೆ ನಿಯಮದ ಪ್ರಕಾರ ಮಗುವನ್ನು ಮನೆಗೆ ಕಳಿಸಲಾಗುವುದು. ಕೆಳಗೆ ಆಡಳಿತ ಸಮಿತಿಯ ಅಧ್ಯಕ್ಷರ ಸಹಿ, ಗಂಟು ಬಿದ್ದ ದಾರದ ಹಾಗೆ, ಹೆಸರು ಓದಲಾಗದಂಥದು.

"ಗುರುವಾರ ಹೋಗಬೇಕಿತ್ತಿಲ್ಲೇನ?" ಎಂದು ನಾನೇ ಗದರಿಸಿದೆ.

"ಹೋಗಿದ್ನಿ ಅಕ್ಕಾರ. ಗೇಟಿನಾಂವ ಬಿಡಲಿಲ್ಲ. ಕಂಪೌಂಡ್ ಗ್ವಾಡಿ ಹಂತ್ಯಾಕ ನಿಂತಿದ್ನಿ. ಒಳಗ ಹುಡುಗ್ಯಾರು ಮಗ್ಗಿ ಹೇಳಾಕತ್ತಿದ್ರು. ಎಲ್ಲಾರೂ ಕೂಡೇ ಹೇಳ್ತಾರ್ರಿ, ನಮ್ಮಾಕಿ ದನಿ ಯಾವುದು ಅಂತ ತಿಳೀಲಿಲ್ಲ."

"ಹುಸೇನಪ್ಪ?"

"ಒಮ್ಮೆ ಹೋಗಿದ್ದ. ಕಾಲಿಗೆ ಸಿಮಿಟ್ ಮೆತ್ತಿತ್ತು. ಪಾಲಕರ ಕಾರ್ಡ್ ತೋರಸು ಅಂದ್ರಂತ, ಇಂವನ ಕಡೆ ಇರಲಿಲ್ಲ. ಮಂದಿ ಮುಂದ ತಿರುಗಿ ಕಳಿಸಿದ್ರು. ಇನ್ನ ಆ ಗೇಟಿಗೆ ನಾ ಒಲ್ಲೆ ಅಂತಾನ."

ಉಳಿದದ್ದು ನನಗೇ ಗೊತ್ತಿತ್ತು. ಮೂರು ತಿಂಗಳಲ್ಲಿ ಐದು ಸಲ ಅವಳು ರವಿವಾರದ ರಜೆ ಕೇಳಿದ್ದಳು. ಐದು ಅರ್ಜಿಯ ಮೇಲೂ 'ಇಲ್ಲ' ಎಂದು ಬರೆದವಳು ನಾನು. ಒಂದು ಲೈನಿನಲ್ಲಿ ಹದಿನಾಲ್ಕು ಜನ ಕೂರಬೇಕು, ಒಬ್ಬಳು ಎದ್ದರೆ ಲೈನು ನಿಲ್ಲುತ್ತದೆ, ರವಿವಾರ ಎಲ್ಲರಿಗೂ ಬೇಕು, ಆದ್ದರಿಂದ ಯಾರಿಗೂ ಇಲ್ಲ. ಇದು ನನ್ನ ನ್ಯಾಯ. ಕಾರಣ ಏನೆಂದು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಅದೇ ದಿನ ಮಧ್ಯಾಹ್ನ ಸಾವಕಾರರ ಕೋಣೆಯಲ್ಲಿ ಫಾದರ್ ತಾವು ತೂಗಿ ನೋಡಿದ್ದನ್ನು ಮುಂದಿಟ್ಟರು. ಚಹಾ ಕೊಡುವ ನೆವದಲ್ಲಿ ನಾನೂ ಅಲ್ಲೇ ನಿಂತೆ.

"ಸಾವಕಾರ್ರ, ಕೆಲಸ ಇರೂದು ಮನುಷ್ಯಾಗ. ಮನುಷ್ಯಾ ಇರೂದು ಕೆಲಸಕ್ಕಲ್ಲ. ಇದು ನಮ್ಮ ಬೋಧನೆಯ ಬೇರು. ವಾರಕ್ಕೊಂದು ದಿನ ಬರೇ ಮೈಗೆ ಆರಾಮ ಸಿಕ್ರ ಸಾಲಂಗಿಲ್ಲ. ತಾಯಿ ಮಕ್ಕಳು ಕೂಡಿ ಉಂಡ್ರ ಅದು ವಿಶ್ರಾಂತಿ. ರವಿವಾರ ಸೂಟಿ ಕೊಡ್ರಿ."

"ಫಾದರ್, ನಮ್ಮ ಹಿರೇರು ಕಾಯಕ ದೊಡ್ಡದು ಅಂದಾರ. ನೀವು ನೋಡಿದ್ರ ಸೂಟಿ ದೊಡ್ಡದು ಅಂತೀರಿ!"

"ನಿಮ್ಮ ಮುಧೋಳದಾಗ ಸೋಮವಾರ ಎತ್ತು ಹೂಡ್ತಾರೇನ್ರಿ?"

"ಛೇ ಛೇ. ಬಸವಣ್ಣನ ವಾರ ಅದು. ಯಾಂವಾ ನೊಗ ಇಡ್ತಾನ?"

"ಮಳಿ ಬಂದು ಹದ ತಪ್ಪತದ ಅಂದ್ರೂ?"

"ಊಹೂಂ. ಏನಾದ್ರೂ ಇಲ್ಲ."

"ಎತ್ತಿಗೆ ಅಷ್ಟು ಮರ್ಯಾದಿ ಕೊಟ್ಟ ಮಂದಿ ನಾವು," ಎಂದು ಫಾದರ್ ಅಷ್ಟಕ್ಕೇ ನಿಲ್ಲಿಸಿ ಚಹಾ ಕುಡಿದರು.

ಸಾವಕಾರರು ಟ್ರಕ್ಕಿನವರಿಗೆ ಫೋನ್ ಮಾಡಿದರು, ಮಾಲು ಕೊಳ್ಳುವ ಕಂಪನಿಗೆ ಫೋನ್ ಮಾಡಿದರು. ಕೊನೆಗೆ, "ಆತು. ಬರೂ ರವಿವಾರದಿಂದನ ಮಾಡೂಣು," ಎಂದರು. ನಾನು ಟ್ರೇ ಅಲ್ಲೇ ಬಿಟ್ಟು ಹೊರಗೆ ಓಡುವುದೊಂದು ಬಾಕಿ. ಬರುವ ರವಿವಾರವೇ ನಾಲ್ಕನೆಯ ರವಿವಾರ.

ಅಷ್ಟರಲ್ಲಿ ಫಾದರ್, "ಒಂದು ಮಾತು," ಎಂದರು. "ನಾವಿಬ್ಬರು ಕೂತು ನಿರ್ಧಾರ ಮಾಡೂದು ತಪ್ಪಾಗ್ತದ. ಸಣ್ಣವರು ತಾವ ಮಾಡಬಹುದಾದ ನಿರ್ಧಾರನ ದೊಡ್ಡವರು ಕಸಗೋಬಾರದು. ಇದೂ ನಮ್ಮ ಬೋಧನೆನ. ಅರವತ್ತೆರಡು ಮಂದಿನೂ ಕೇಳೂಣು. ಅವರೇ ಕೈ ಎತ್ತಲಿ."

ಕೇಳುವುದೇನಿದೆ, ಬೇಡ ಎನ್ನುವವರು ಯಾರು ಎಂದುಕೊಂಡು ನಾನು ನೇರ ಸಾವಿತ್ರಿಯ ಹತ್ತಿರ ಹೋದೆ. "ನಿನ್ನ ಕೆಲಸ ಆತು. ಬುಧವಾರ ಕೈ ಎತ್ತಿಸ್ತಾರ, ಎತ್ತು. ರವಿವಾರ ಮಗಳನ್ನ ನೋಡು," ಎಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಐದು ಸಲ 'ಇಲ್ಲ' ಬರೆದ ಪಾಪ ಇಷ್ಟು ಸುಲಭಕ್ಕೆ ತೊಳೆದುಹೋಯಿತಲ್ಲ ಎಂದು ನನಗೆ ಹಗುರಾಯಿತು. ಪತ್ರ ನನ್ನ ಡ್ರಾವರಿನಲ್ಲೇ ಉಳಿಯಿತು.

ಬುಧವಾರ ಊಟದ ಹೊತ್ತಿಗೆ ಎಲ್ಲರೂ ಕ್ಯಾಂಟೀನಿನಲ್ಲಿ ಸೇರಿದರು. ಫಾದರ್ ಎದ್ದುನಿಂತು ವಿಷಯ ಹೇಳಿದರು. ಚಪ್ಪಾಳೆ ಬೀಳುತ್ತದೆಂದು ಸಾವಕಾರರು ಮೊದಲೇ ಮುಖ ಸಿದ್ಧ ಮಾಡಿಕೊಂಡಿದ್ದರು. ಚಪ್ಪಾಳೆ ಬೀಳಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಹಿಂದಿನ ಬೆಂಚಿನಿಂದ ಕಾಶವ್ವ ಎದ್ದಳು. ಅವಳು ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು, ಸಾವಕಾರರನ್ನೂ ಬಿಡದೆ ಮಾತಾಡಿಸುವವಳು.

"ಅಪ್ಪಾರ, ನೀವು ಭಾಳ ಚಲೋ ಮನಸಿನಿಂದ ಹೇಳಾಕತ್ತೀರಿ. ಆದ್ರ ರವಿವಾರ ನಮ್ಮ ಮನ್ಯಾಗ ಏನ್ ಇರ್ತದ ಗೊತ್ತೇನ್ರಿ? ಗಂಡ ಇರ್ತಾನ, ಮೈದ್ನ ಇರ್ತಾನ, ಅವರ ಗೆಳೆಯಾರು ಬರ್ತಾರ. ಕೋಳಿ ತಾ, ರೊಟ್ಟಿ ಬಡಿ, ಚಾ ಇಡು. ನಾವು ಕಾರ್ಖಾನಿಗೆ ಬಂದ್ರನ ಆರಾಮ. ಗುರುವಾರ ಹಂಗಲ್ಲ. ಗಂಡ ಕೆಲಸಕ್ಕ ಹೋಗ್ತಾನ, ಹುಡುಗ್ರು ಸಾಲಿಗೆ ಹೋಗ್ತಾವ. ದವಾಖಾನಿ ತಗದಿರ್ತದ, ಬ್ಯಾಂಕ್ ತಗದಿರ್ತದ. ಅದೆಲ್ಲಾ ಮುಗಿಸಿ ಮಧ್ಯಾಹ್ನ ಎರಡು ತಾಸು ಮನ್ಯಾಗ ಯಾರೂ ಇರಂಗಿಲ್ಲ. ಬಾಗಲಾ ಹಾಕ್ಕೊಂಡು ಮಲಗ್ತೀನ್ರಿ. ವಾರದಾಗ ಅದ ಎರಡು ತಾಸು ನಂದು. ಅದನ್ನ ಕಸಗೋಬ್ಯಾಡ್ರಿ."

ಕ್ಯಾಂಟೀನಿನ ತುಂಬ 'ಹೌದ್ರಿ, ಹೌದ್ರಿ' ಎಂದು ಶುರುವಾಯಿತು. ರಕ್ಷಿತಾ ಬರೆಯುವುದನ್ನು ನಿಲ್ಲಿಸಿ ಕಾಶವ್ವನನ್ನೇ ನೋಡುತ್ತಿದ್ದಳು. ಒಂದು ವಾರ ನೋಡಿ, ಒಂದು ವಾರ ತೂಗಿದ ಪಂಡಿತರಿಗೆ ಈ ಎರಡು ತಾಸಿನ ನಿದ್ದೆ ಸಿಕ್ಕಿರಲಿಲ್ಲ. ನಿಜ ಹೇಳಬೇಕೆಂದರೆ ಹೆಂಗಸಾಗಿ ನನಗೂ ಸಿಕ್ಕಿರಲಿಲ್ಲ.

ಕೈ ಎತ್ತಿಸಿದರು. ರವಿವಾರಕ್ಕೆ ಒಂಬತ್ತು ಕೈ. ಗುರುವಾರಕ್ಕೆ ಐವತ್ತಮೂರು. ಆ ಐವತ್ತಮೂರರಲ್ಲಿ ಒಂದು ಸಾವಿತ್ರಿಯದು.

ನಾನು ಹೆಂಗಸರನ್ನು ದಾಟಿಕೊಂಡು ಅವಳ ಹತ್ತಿರ ಹೋದೆ. "ಹುಚ್ಚಿ, ನಿನಗೇನ್ ಬಂದದ? ಯಾಕ ಎತ್ತಿದಿ ಕೈ?"

"ಇಷ್ಟು ಮಂದಿ ನಿದ್ದಿ ನಾ ಒಬ್ಬಾಕಿ ಹೆಂಗ ಕಸಗೊಳ್ಳಲಿ ಅಕ್ಕಾರ?" ಎಂದಳು. "ಹಣ್ಯಾಗ ಇದ್ದಂಗ ಆಗ್ತದ. ಮಗಳು ಮನಿಗೆ ಬಂದ್ರ ಬರ್ಲಿ ಬಿಡ್ರಿ, ಮತ್ತೊಂದು ಸಾಲಿ ನೋಡೂಣು."

ಈಗಾಗಲೇ ಐದು ಸಾಲೆ ಕಂಡ ಮಗುವಿಗೆ ಆರನೆಯದು. ನನಗೆ ಮೈ ಉರಿಯಿತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು. ತಿರುಗಿ ನೋಡಿದರೆ ಫಾದರ್ ಎಣಿಕೆಯ ಕಾಗದದ ಕೆಳಗೆ ಸಹಿ ಹಾಕುತ್ತಿದ್ದರು. ಗಂಟು ಬಿದ್ದ ದಾರದಂಥ ಸಹಿ.

ಆಫೀಸಿಗೆ ಹೋಗಿ ಡ್ರಾವರಿನಿಂದ ಪತ್ರ ತಂದು ಅವರ ಕಾಗದದ ಪಕ್ಕದಲ್ಲೇ ಇಟ್ಟೆ. "ಈ ಎರಡು ಸಹಿನೂ ನಿಮ್ಮವ ಏನ್ರಿ?" ಎಂದು ಕೇಳಿದೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. ಪತ್ರ ಒಂದೇ ಪುಟ, ಅವರಿಗೆ ಬಹಳ ಹೊತ್ತು ಹಿಡಿಯಿತು.

"ನನ್ನವ," ಎಂದರು. "ಆ ಸಾಲಿ ಸಮಿತಿಗೆ ನಾನ ಅಧ್ಯಕ್ಷ. ಆಫೀಸಿನವರು ಬರದು ತರ್ತಾರ, ನಾ ಸಹಿ ಹಾಕ್ತೀನಿ. ಸೋನಾಲಿ ಯಾರ ಮಗಳು?"

"ಮೂರನೇ ಲೈನಿನ ಸಾವಿತ್ರಿಬಾಯಿ ಮಗಳು. ಹೋದ ವಾರ ಅಕಿ ಬಾಜೂನ ಕುಂತು ಹಿಂಡಿ ತಿಂದೀರಿ. ಅಕಿ ಸೂಟಿ ಗುರುವಾರ. ನಿಮ್ಮ ಗೇಟು ತಗಿಯೂದು ರವಿವಾರ."

ರಕ್ಷಿತಾ ಮೆಲ್ಲಗೆ, "ಫಾದರ್, ಈ ಭೇಟಿ ರೂಲ್ ನಿಮ್ಮ ಆ ಲೇಖನದಿಂದಲೇ ಅಲ್ವಾ ಬಂದಿದ್ದು? ಭಾನುವಾರ ಕುಟುಂಬದ ದಿನ ಅಂತ ಬರ್ದಿದ್ರಲ್ಲ?" ಎಂದಳು. ಆ ಹುಡುಗಿಗೆ ಕೆಟ್ಟ ಮನಸ್ಸಿರಲಿಲ್ಲ. ಗೊತ್ತಿದ್ದದ್ದನ್ನು ಹೇಳಿದಳು ಅಷ್ಟೇ.

"ಹೌದು. ಆರು ವರ್ಷದ ಹಿಂದ. ತಂದಿ ತಾಯಿ ಮಕ್ಕಳನ್ನ ಬಿಟ್ಟು ಮರೀಬಾರದು ಅಂತ ನಾನ ಬರದ ನಿಯಮ."

ಸಾವಕಾರರು ಇಂಥ ಗಳಿಗೆ ಸಿಕ್ಕರೆ ಬಿಡುವವರಲ್ಲ. "ದೀಪದ ಬುಡಕ್ಕ ಕತ್ತಲಿ ಅಂತಾರಲ್ಲ ಫಾದರ್! ಎರಡು ವಾರದಿಂದ ನಂದು ತೂಗಾಕತ್ತೀರಿ, ನಿಮ್ಮ ತಕ್ಕಡಿ ಮನ್ಯಾಗ ಬಿಟ್ಟು ಬಂದಿದ್ರೇನು?" ಎಂದು ನಕ್ಕರು. ಫಾದರ್ ನಗಲಿಲ್ಲ. ಅವರ ಕಿವಿ ಕೆಂಪಾಗಿತ್ತು. ಅಷ್ಟು ಓದಿದ ಮನುಷ್ಯ ಕ್ಲಾಸಿನಲ್ಲಿ ನಿಲ್ಲಿಸಿದ ಹುಡುಗನ ಹಾಗೆ ಅರವತ್ತೆರಡು ಹೆಂಗಸರ ಮುಂದೆ ನಿಂತಿದ್ದರು. ನನಗೆ ಒಂದು ಗಳಿಗೆ ಪಾಪ ಎನಿಸಿತು.

ಆದರೆ ಅವರು ಮುಂದೆ ಆಡಿದ ಮಾತಿಗೆ ಆ ಪಾಪ ಹಾರಿಹೋಯಿತು. "ಜೂನಿನಾಗ ಸಮಿತಿ ಕೂಡ್ತದ. ಮೊದಲನೇ ವಿಷಯ ಇದನ್ನ ಇಡ್ತೀನಿ," ಎಂದರು.

"ಜೂನ್?" ನನ್ನ ಸ್ವರ ಕ್ಯಾಂಟೀನಿನ ತಗಡಿಗೆ ತಾಗಿತು. "ರವಿವಾರಕ್ಕ ಅಕಿ ಮಗಳನ್ನ ಹೊರಗ ಹಾಕ್ತೀರಿ, ಜೂನಿನಾಗ ವಿಚಾರ ಮಾಡ್ತೀರಿ? ನಮ್ಮ ಸಾವಕಾರ್ರು ಎರಡು ಫೋನಿನಾಗ ಮುಗಿಸಿದ್ರು. ಸಣ್ಣವರ ನಿರ್ಧಾರ ದೊಡ್ಡವರು ಕಸಗೋಬಾರದು ಅಂತ ನಮಗ ಹೇಳಿದವರು ಯಾರ್ರಿ? ನಿಮ್ಮ ಗೇಟಿನ ಹಂತ್ಯಾಕ ಇರಾಕಿ ಯಾರೋ ಒಬ್ಬಾಕಿ ಸಿಸ್ಟರ್ ಇದ್ದಾಳಲ್ಲ, ಅಕಿನ್ನ ಎಂದಾದ್ರೂ ಕೇಳೀರೇನು?"

ಇಷ್ಟು ಜೋರಾಗಿ ನಾನು ಸಾವಕಾರರ ಮುಂದೆ ಯಾವತ್ತೂ ಮಾತಾಡಿದವಳಲ್ಲ. ಫಾದರ್ ಫೋನ್ ತೆಗೆದು ಅಲ್ಲೇ, ಎಲ್ಲರೆದುರೇ, ವಾರ್ಡನ್ ಸಿಸ್ಟರಿಗೆ ಹಚ್ಚಿದರು. ಸ್ಪೀಕರಿಗೆ ಹಾಕಿದ್ದು ಬೇಕೆಂದೋ ಕೈತಪ್ಪಿಯೋ ಗೊತ್ತಿಲ್ಲ. ಪಾಲಕರನ್ನು ರವಿವಾರ ಬಿಟ್ಟು ಬೇರೆ ದಿನ ಬಿಡಬಹುದೇ, ನಿಮ್ಮ ಅಭಿಪ್ರಾಯವೇನು ಎಂದು ಮರಾಠಿಯಲ್ಲಿ ಕೇಳಿದರು.

ಆಚೆಯಿಂದ ಸಿಸ್ಟರ್, "ಯಾವತ್ತು ಬಂದರೂ ಬಿಡಬಹುದು ಫಾದರ್. ಸಾಲೆ ಬಿಟ್ಟ ಮೇಲೆ ಒಂದು ತಾಸು ಬಂದುಹೋದರೆ ನಮಗೇನು ಕಷ್ಟ? ಆರು ವರ್ಷದಿಂದ ಹೇಳಬೇಕೆಂದಿದ್ದೆ. ಯಾರೂ ಕೇಳಲಿಲ್ಲ," ಎಂದರು.

ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದು ನಕ್ಕಳು. ಫಾದರ್ ಫೋನ್ ಜೇಬಿಗಿಟ್ಟು ಸಾವಿತ್ರಿ ಕೂತಿದ್ದ ಬೆಂಚಿನ ತನಕ ನಡೆದು ಹೋದರು.

"ತಾಯಿ, ನಾಳೆ ಗುರುವಾರ. ಬರ್ರಿ. ಗೇಟಿನ್ಯಾಗ ನಾನ ನಿಂತಿರ್ತೀನಿ."

ಮರುದಿನ ಸಾವಿತ್ರಿ ನನ್ನನ್ನೂ ಕರೆದುಕೊಂಡು ಹೋದಳು. ಒಬ್ಬಳೇ ಆ ಗೇಟಿಗೆ ಹೋಗಲು ಅವಳಿಗೆ ಧೈರ್ಯವಿರಲಿಲ್ಲ. ಲೋಕಲ್ ಹತ್ತಿ ಶಿವಾಜಿನಗರಕ್ಕೆ ಇಳಿದೆವು. ದಾರಿಯುದ್ದಕ್ಕೂ ಅವಳು ತೊಡೆಯ ಮೇಲಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಒಳಗೆ ಶೇಂಗಾ ಹೋಳಿಗೆ. ಮಗಳು ಎತ್ತರ ಆಗಿರಬಹುದೇ, ಜಡೆ ಯಾರು ಹಾಕುತ್ತಾರೋ, ಇಷ್ಟು ತಿಂಗಳು ಬರಲಿಲ್ಲವೆಂದು ಸಿಟ್ಟಾಗಿರಬಹುದೇ ಎಂದು ಮೂರು ಮಾತನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು. ಸಿಟ್ಟಾಗಿದ್ದರೆ ನನ್ನ ಹೆಸರು ಹೇಳು ಎಂದೆ.

ಫಾದರ್ ಮಾತು ತಪ್ಪಲಿಲ್ಲ. ಬಿಸಿಲಿನಲ್ಲಿ ಗೇಟಿನ ಹತ್ತಿರವೇ ನಿಂತಿದ್ದರು. ಒಳಗೆ ಕರೆದುಕೊಂಡು ಹೋಗಿ ಜಗುಲಿಯ ಬೆಂಚಿನ ಮೇಲೆ ಕೂರಿಸಿದರು. ಸಿಸ್ಟರ್ ನಗುತ್ತಾ ಬಂದು, ಸಾಲೆ ಈಗಷ್ಟೇ ಬಿಟ್ಟಿದೆ, ನಿಮ್ಮ ಅವ್ವ ಬಂದಿದ್ದಾಳೆ ಎಂದು ಮಗುವಿಗೆ ಹೇಳಿ ಕಳಿಸಿದ್ದೇನೆ ಎಂದರು.

ಐದು ನಿಮಿಷವಾಯಿತು. ಹತ್ತಾಯಿತು. ಕಾಲು ತಾಸಾದರೂ ಹುಡುಗಿ ಬರಲಿಲ್ಲ. ಸಾವಿತ್ರಿ ಸೆರಗಿನ ತುದಿ ಸುತ್ತತೊಡಗಿದಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಧಡ್ ಧಡ್ ಎಂದು ಸದ್ದಾಯಿತು.

ಸೋನಾಲಿ ತಗಡಿನ ಪೆಟ್ಟಿಗೆಯನ್ನು ಒಂದೊಂದೇ ಮೆಟ್ಟಿಲು ಎಳೆದುಕೊಂಡು ಇಳಿಯುತ್ತಿದ್ದಳು. ಇನ್ನೊಂದು ಕೈಯಲ್ಲಿ ತಾಟು, ಲೋಟ ಕಟ್ಟಿದ ಟವೆಲ್ಲಿನ ಗಂಟು. ಯೂನಿಫಾರ್ಮ್ ತೆಗೆದು ಮನೆಯಿಂದ ಬರುವಾಗ ಹಾಕಿದ್ದ ಫ್ರಾಕು ಹಾಕಿಕೊಂಡಿದ್ದಳು. ಅದು ಈಗ ಮೊಣಕಾಲಿನ ಮೇಲಕ್ಕೆ ಹೋಗಿತ್ತು. ಅವಳು ಅಳುತ್ತಿರಲಿಲ್ಲ.

"ಯೂನಿಫಾರ್ಮ್ ಮಡಚಿ ಮಂಚದ ಮೇಲೆ ಇಟ್ಟಿದ್ದೇನೆ ಸಿಸ್ಟರ್," ಎಂದು ಮರಾಠಿಯಲ್ಲಿ ಹೇಳಿ, ತಾಯಿಯ ಕಡೆ ತಿರುಗಿ, "ನಡಿ ಅವ್ವ," ಎಂದಳು.

ನನಗೆ ಮೊದಲು ತಿಳಿಯಲಿಲ್ಲ. ಸಿಸ್ಟರ್ ಹಣೆ ಹಿಡಿದುಕೊಂಡರು. ಆ ಸಾಲೆಯಲ್ಲಿ ರವಿವಾರ ಬಿಟ್ಟು ಬೇರೆ ದಿನ ತಾಯಿ ಬಂದಳೆಂದರೆ ಒಂದೇ ಅರ್ಥವಂತೆ, ಮಗಳನ್ನು ಕರೆದುಕೊಂಡು ಹೋಗಲು. ಹೋದ ವರ್ಷ ಮೂವರು ಹುಡುಗಿಯರು ಹಾಗೇ ಹೋಗಿದ್ದರು. ಪತ್ರದ ಸುದ್ದಿಯೂ ಹುಡುಗಿಯರ ಕಿವಿಗೆ ಬಿದ್ದಿತ್ತು. ಅವ್ವ ಬಂದಿದ್ದಾಳೆ ಎಂದ ಕೂಡಲೇ ಈ ಒಂಬತ್ತು ವರ್ಷದ ಹುಡುಗಿ ಯಾರನ್ನೂ ಏನೂ ಕೇಳದೆ ಪೆಟ್ಟಿಗೆ ತುಂಬಿಕೊಂಡಿದ್ದಳು.

ಸಾವಿತ್ರಿ ಡಬ್ಬಿ ಹಿಡಿದು ನಿಂತೇ ಇದ್ದಳು. ನನಗೆ ಅಳು ಬಂತು, ಅತ್ತೆ. ಐದು ಅರ್ಜಿಯೂ ಕಣ್ಣ ಮುಂದೆ ಬಂದವು.

ಫಾದರ್ ಹೋಗಿ ಕೊನೆಯ ಮೆಟ್ಟಿಲ ಮೇಲೆ, ಪೆಟ್ಟಿಗೆಯ ಪಕ್ಕದಲ್ಲೇ ಕೂತರು.

"ಸೋನಾಲಿ, ನೀ ಎಲ್ಲೂ ಹೋಗಾಕಿಲ್ಲವ್ವ. ಅವ್ವ ನಿನ್ನ ನೋಡಾಕ ಬಂದಾಳ. ಇನ್ನ ಮ್ಯಾಲ ಪ್ರತಿ ಗುರುವಾರ ಬರ್ತಾಳ. ಇಷ್ಟು ದಿನ ಅಕಿ ಬರದಂಗ ಮಾಡಿದಾಂವ ನಾನು. ತಪ್ಪು ನಂದು."

ಹುಡುಗಿ ಅವರನ್ನು ನೋಡಿದಳು, ಸಿಸ್ಟರನ್ನು ನೋಡಿದಳು, ಕೊನೆಗೆ ತಾಯಿಯನ್ನು ನೋಡಿದಳು. "ಖರೇನ?" ಎಂದಳು.

"ಖರೇನ," ಎಂದಳು ಸಾವಿತ್ರಿ.

ಸೋನಾಲಿ ಆದರೂ ಪೆಟ್ಟಿಗೆ ಬಿಡಲಿಲ್ಲ. ಯೋಚನೆ ಮಾಡುತ್ತಿದ್ದಳು. "ಹಂಗಾರ ನನ್ನ ಕಲರ್ ಪೆನ್ಸಿಲ್?" ಎಂದಳು. "ಹೊಂಟೀನಿ ಅಂತ ಎಲ್ಲಾ ರೇಣುಗ ಕೊಟ್ಟಬಿಟ್ಟೀನಿ. ಕೊಟ್ಟದ್ದನ್ನ ವಾಪಸ್ ಕೇಳಬಾರದು ಅಂತ ಇಲ್ಲೆ ನಿಯಮ ಅದ."

ಸಿಸ್ಟರ್ ಫಾದರ್ ಕಡೆ ನೋಡಿದರು. ಆ ನಿಯಮವೂ ಯಾರದೆಂದು ನಾನು ಕೇಳಲಿಲ್ಲ.

"ನಾ ಕೇಳ್ತೀನಿ," ಎಂದು ಫಾದರ್ ಮೊಣಕಾಲಿಗೆ ಕೈ ಊರಿ ಎದ್ದರು. ಎರಡು ಪುಸ್ತಕ ಬರೆದ ಆ ಮನುಷ್ಯ ರೇಣು ಎಂಬ ಹುಡುಗಿಯ ಹತ್ತಿರ ಪೆನ್ಸಿಲು ಬೇಡಲು ಮೂರನೆಯ ಮಹಡಿಗೆ ಹೊರಟರು. ಅವರ ಚಪ್ಪಲಿಯ ಸದ್ದು ಮೇಲೆ ಮೇಲೆ ಹೋಯಿತು. ಅದು ಪೂರ್ತಿ ನಿಂತ ಮೇಲೆ ಸೋನಾಲಿ ಪೆಟ್ಟಿಗೆಯ ಹಿಡಿ ಬಿಟ್ಟಳು.